ಉಡಿ ತುಂಬುವ ಕೈ

ಬೋರ್ಡಿನ ಮೇಲೆ ಸಾಮಾಜಿಕ ನಿಯಂತ್ರಣ ಎಂದು ಬರೆದು ಅದರ ಕೆಳಗೆ ಒಂದು ಗೆರೆ ಎಳೆದ ಮೇಲೆ ಬಸವೇಶ್ವರಿಗೆ ಮುಂದಿನ ಮಾತು ಬರಲಿಲ್ಲ. ಪಾಠವೇನೂ ಮರೆತಿರಲಿಲ್ಲ. ಚಿತ್ತಾಪುರದ ಈ ಡಿಗ್ರಿ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದ ಮಕ್ಕಳಿಗೆ ವರ್ಷ ವರ್ಷವೂ ಇದನ್ನೇ ಹೇಳಿಕೊಂಡು ಬಂದಾಕಿ. ಲೋಕರೂಢಿ, ನೈತಿಕ ನಿಯಮ, ಕಾಯಿದೆ ಅಂತ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಿಯಾಳು. ಆದರೆ ಟೇಬಲ್ಲಿನ ಕೆಳಗೆ ಕಾಲಿಗೆ ಒತ್ತಿಕೊಂಡು ಕುಂತಿದ್ದ ಕೈಚೀಲದ ಕಡೆಗೇ ಜೀವ ಎಳೆಯುತ್ತಿತ್ತು. ಚೀಲದೊಳಗೆ ಹಸಿರು ಸೀರೆ, ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು. ಇವತ್ತು ಮಧ್ಯಾಹ್ನ ಆದಿತ್ಯನಗರದಲ್ಲಿ ಮಗಳು ನೀಲಾಂಬಿಕಾಳ ಕುಬಸ. ಬಸುರಿ ಮಗಳ ಸೆರಗಿನಲ್ಲಿ ಈ ಅಕ್ಕಿ, ಈ ಖಣ ಹಾಕಿ ಮೊದಲ ಉಡಿ ತುಂಬಬೇಕಾದವಳು ತಾಯಿ. ತಾಯಿಗೆ ಗಂಡ ಇದ್ದರೆ. ಬಸವೇಶ್ವರಿಗೆ ಗಂಡ ಇರಲಿಲ್ಲ.

"ಅವ್ವಾ, ಕೇಳಲಿಕತ್ತೀದಿ ಇಲ್ಲ? ನಮ್ಮತ್ತಿಗೆ ಹೇಳೀನಿ, ನಿನ್ನ ಅಳಿಯಾಗೂ ಹೇಳೀನಿ. ನನ್ನ ಉಡಿ ಮೊದಲ ನೀನೇ ತುಂಬಬೇಕು. ನೀ ತುಂಬಲಿಲ್ಲಂದ್ರ ಯಾರ ಕೈಲಿಂದೂ ತುಂಬಿಸ್ಕೊಳ್ಳಂಗಿಲ್ಲ ನಾ, ಖರೆ ಹೇಳ್ತೀನಿ." ಫೋನಿನಲ್ಲಿ ನೀಲಾ ಹೀಗೆ ಅಂದಾಗ ಬಸವೇಶ್ವರಿಗೆ ಎದೆ ಉಬ್ಬಿ ಬಂದಿತ್ತು. ಹೆತ್ತದ್ದು ಸಾರ್ಥಕ ಅನ್ನಿಸಿತ್ತು. "ಯಾಕ ತುಂಬಂಗಿಲ್ಲ? ತುಂಬ್ತೀನಿ. ಯಾರು ಏನು ಅಂತಾರೋ ನೋಡೇ ಬಿಡ್ತೀನಿ," ಅಂದುಬಿಟ್ಟಿದ್ದಳು. ಫೋನ್ ಇಟ್ಟ ಮೇಲೆ ಹೆದರಿಕೆ ಹತ್ತಿತು. ಆವತ್ತಿನಿಂದ ಅನ್ನ ಸರಿಯಾಗಿ ಇಳಿದಿಲ್ಲ.

"ಮೇಡಂ," ಎಂದು ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಪ್ರೀತಿ, ಕಾಗಿಣಾ ದಂಡೆಯ ಊರಾಕಿ, ಕ್ಲಾಸಿನಲ್ಲಿ ಬಾಯಿ ಬಿಡುವ ಒಬ್ಬಳೇ ಹುಡುಗಿ. "ನೀವು ಯಾವ ರೂಢಿ ಮುರದೀರಿ ಮೇಡಂ?" ಹಿಂದಿನ ಬೆಂಚಿನವರು ನಕ್ಕರು. ಬಸವೇಶ್ವರಿಯೂ ನಕ್ಕಳು; ಈ ಪ್ರಶ್ನೆಗೆ ಅವಳ ಹತ್ತಿರ ತಯಾರು ಉತ್ತರ ಇತ್ತು. "ನಮ್ಮ ಯಜಮಾನರು ತೀರಿಕೊಂಡಾಗ ನನ್ನ ಕೈಯಾಗಿನ ಬಳಿ ಒಡೀಲಿಕ್ಕೆ ಯಾರಿಗೂ ಬಿಡಲಿಲ್ಲ ನಾನು," ಅಂದಳು. ಹುಡುಗಿಯ ಕಣ್ಣಲ್ಲಿ ಭಕ್ತಿಯಂಥದ್ದು ಮೂಡಿದ್ದು ನೋಡಿ ಬಸವೇಶ್ವರಿಗೆ ಸಂಕಟವಾಯಿತು. ಮಾತು ಸುಳ್ಳಲ್ಲ. ಯಾರೂ ಒಡೆದಿರಲಿಲ್ಲ. ಗಂಡ ಮಲ್ಲಣ್ಣನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ಬರುವುದಕ್ಕಿಂತ ಮೊದಲೇ ಬಚ್ಚಲಿಗೆ ಹೋಗಿ, ಕೈಗೆ ಸಾಬೂನು ಹಚ್ಚಿಕೊಂಡು, ಒಂದೊಂದಾಗಿ ಬಳೆ ತೆಗೆದು ಕಿಟಕಿಯಲ್ಲಿಟ್ಟು ಬಂದಿದ್ದಳು. ಹೆಂಗಸರು ಬಂದರು, ಬರಿಗೈ ನೋಡಿದರು, ಅತ್ತು ಹೋದರು. ಯಾರಿಗೆ ಬಿಡಲಿಲ್ಲ ಇವಳು? ಅವರು ಕೇಳುವ ಮೊದಲೇ ಕೊಟ್ಟವಳು! ಕಾಲೇಜಿನಲ್ಲಿ ಮಾತ್ರ ಅದು ದೊಡ್ಡ ಕ್ರಾಂತಿಯ ಕಥೆಯಾಗಿ ಉಳಿಯಿತು, ಇವಳೂ ಉಳಿಸಿಕೊಂಡಳು. ಗಂಟೆ ಬಾರಿಸಿದ್ದೇ ಚೀಲ ಎತ್ತಿಕೊಂಡು ಹೊರಬಿದ್ದಳು.

ಸೇಡಂ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ಹೆಂಗಸರು ಸರಿದು ಜಾಗ ಕೊಟ್ಟರು. ಎದುರಿಗೆ ಕುಂತ ಮುದುಕಿ, ಮಡಿಲಲ್ಲಿ ಪುಂಡಿಪಲ್ಯದ ಗಂಟು ಇಟ್ಟುಕೊಂಡವಳು, ಬಸವೇಶ್ವರಿಯ ಹಣೆಯ ವಿಭೂತಿ, ತಾಳಿ ಇಲ್ಲದ ಕೊರಳು, ಕೈಗೆ ಒಂದೇ ಒಂದು ವಾಚು, ಎಲ್ಲ ನೋಡಿ, ಚೀಲದಿಂದ ಹೊರಗೆ ಹಣಿಕಿದ್ದ ಹಸಿರು ಸೀರೆಯ ಅಂಚನ್ನೂ ನೋಡಿ, "ಮಗಳ ಕುಬಸ ಏನ್ರೀ?" ಎಂದಳು. "ಹೌದ್ರಿ." "ಚೊಲೋ ಆತು. ಉಡಿ ಯಾರು ತುಂಬ್ತಾರ? ಅಣ್ಣನ ಹೇಣ್ತಿ ಬರಲಿಕತ್ತಾಳೇನ?" ಎಷ್ಟು ಅಕ್ಕರೆಯಿಂದ ಕೇಳಿದಳು! ಕೆಡುಕು ಇತ್ತೇ ಅದರಲ್ಲಿ? ಎಳ್ಳಷ್ಟೂ ಇರಲಿಲ್ಲ. ನಾನೇ ತುಂಬ್ತೀನಿ ಅನ್ನಬೇಕೆಂದು ಬಾಯಿ ತೆರೆದಳು. "ಹೌದ್ರಿ, ಅತ್ತಿಗಿ ಬರ್ತಾಳ," ಅಂತ ಬಂತು. ಅತ್ತಿಗೆ ಸತ್ತು ಎರಡು ವರ್ಷವಾಗಿತ್ತು. ಥೂ ನನ್ನ ಜನ್ಮಕ್ಕಿಷ್ಟು, ಗುರುತು ಪರಿಚಯ ಇಲ್ಲದ ಮುದುಕಿ, ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಹೋಗುವಾಕಿ, ಆಕಿ ಮುಂದೆಯೂ ಇಷ್ಟು ಹೆದರಿಕೆಯೇ? ಕಿಟಕಿಯಾಚೆ ತೊಗರಿ ಹೊಲಗಳು, ಕಲ್ಲು ತೆಗೆದು ಬಿಟ್ಟ ಗುಂಡಿಗಳು, ಗುಂಡಿಗಳಲ್ಲಿ ನಿಂತ ಹಸಿರು ನೀರು ಹಿಂದೆ ಓಡುತ್ತಿದ್ದವು. ಪಾತ್ರ ಸಂಘರ್ಷ ಅಂದುಕೊಂಡಳು. ಇದೊಂದು ಕೆಟ್ಟ ಚಟ ಅವಳಿಗೆ. ಏನೇ ಆದರೂ ಮೊದಲು ಅದಕ್ಕೊಂದು ಹೆಸರು ಕೊಡುವುದು. ಹೆಸರು ಕೊಟ್ಟ ಮೇಲೆ ನೋವು ಪಾಠವಾಗುತ್ತದೆ, ಪಾಠವಾದದ್ದು ಪರೀಕ್ಷೆಗೆ ಬರುತ್ತದೆ, ಹುಡುಗರು ಬರೆದು ಪಾಸಾಗುತ್ತಾರೆ. ಇವಳು ಮಾತ್ರ ಇದ್ದಲ್ಲೇ ಇರುತ್ತಾಳೆ.

ನೀಲಾಳ ಮದುವೆಯಲ್ಲೂ ಹಂಗೇ ಆಗಿತ್ತು. ಕಲ್ಯಾಣ ಮಂಟಪದ ಹಿಂದೆ ಅಡುಗೆ ಸಾಮಾನು ಇಡುವ ಖೋಲಿಯ ಬಾಗಿಲಲ್ಲಿ, ಎಣ್ಣೆ ಡಬ್ಬಿಗಳ ನಡುವೆ ನಿಂತು ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ನೋಡಿದ್ದಳು. ಅಲ್ಲಿ ನಿಂದರು ಅಂತ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ತನ್ನ ಬದಲಿಗೆ ಅಣ್ಣ-ಅತ್ತಿಗೆಯನ್ನು ಮಣೆಯ ಮೇಲೆ ಕೂಡಿಸುವ ಮಾತು ಎತ್ತಿದ್ದು ಇವಳೇ, ಬೀಗರಿಗೆ ಮುಜುಗರ ಆಗಬಾರದೆಂದು. ಬೀಗರು ಹೌದೇನ್ರಿ, ನಿಮ್ಮಿಷ್ಟ ಅಂದಿದ್ದರು. ಮದುವೆ ಮುಗಿದ ಮೇಲೆ ನೀಲಾ ಬಂದು, ಎಣ್ಣೆಯ ವಾಸನೆ ಹತ್ತಿದ ತಾಯಿಯ ಸೀರೆ ಹಿಡಿದುಕೊಂಡು, "ಎಲ್ಲರ ಮುಖ ಕಂಡ್ವು ನನಗ, ನಿನ್ನ ಮುಖ ಒಂದು ಕಾಣಲಿಲ್ಲ," ಅಂದಿದ್ದಳು. ಅತ್ತಿರಲಿಲ್ಲ ಹುಡುಗಿ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆವತ್ತು ಕಾಣದ ಮುಖವನ್ನು ಇವತ್ತು ತನ್ನ ಎದುರಿಗೆ ತಂದು ನಿಲ್ಲಿಸಬೇಕೆಂದೇ ಮಗಳ ಈ ಹಟ, ಅದು ಬಸವೇಶ್ವರಿಗೆ ಗೊತ್ತಿತ್ತು. ಇವತ್ತು ತಪ್ಪಿದರೆ ಮತ್ತೆ ಕೇಳುವವಳಲ್ಲ ಅವಳು.

ಇನ್ನೊಂದಿತ್ತು. ಅದನ್ನು ನೆನೆಯಬಾರದೆಂದು ಮುದುಕಿಯ ಗಂಟನ್ನೂ ನೋಡಿದಳು, ಕಡಲೆಕಾಯಿ ಮಾರುವವನನ್ನೂ ನೋಡಿದಳು, ನೆನಪು ಬಿಡಲಿಲ್ಲ. ಹೋದ ಸಲ ನೀಲಾ ಬಸುರಾದಾಗ ಸುದ್ದಿ ಕೇಳಿ ಓಡಿ ಬಂದಿದ್ದಳು. ಬರುವಾಗ ಸ್ಟೇಶನ್ನಿನ ಹೊರಗೆ ಮಲ್ಲಿಗೆ ದಂಡೆ ತಗೊಂಡು, ಮಗಳನ್ನು ಮುಂದೆ ಕೂಡಿಸಿಕೊಂಡು, ತಲೆ ಹಿಕ್ಕಿ ತನ್ನ ಕೈಯಾರೆ ಮುಡಿಸಿದ್ದಳು. ಆ ವಾರವೇ ಬಸುರು ಇಳಿಯಿತು. ಕಲಬುರಗಿಯ ಡಾಕ್ಟರು ಚಿತ್ರ ಬರೆದು ಕಾರಣ ಹೇಳಿದರು. ಬಸವೇಶ್ವರಿ ತಲೆಯಾಡಿಸಿ ಕೇಳಿದಳು, ಅದನ್ನೇ ಬೀಗತಿ ಲಲಿತಾಬಾಯಿಗೆ ತಿಳಿಯುವ ಹಂಗೆ ಬಿಡಿಸಿಯೂ ಹೇಳಿದಳು, "ಇದಕ್ಕ ಯಾರೂ ಕಾರಣ ಅಲ್ರಿ, ಮನಸಿಗೆ ಹಚ್ಕೋಬ್ಯಾಡ್ರಿ," ಅಂತ. ಲಲಿತಾಬಾಯಿ ಪಾಪ ನಂಬಿದಳು. ನಂಬದೇ ಇದ್ದವಳು ಇವಳೊಬ್ಬಳೇ. ಆವತ್ತಿನಿಂದ ಮಗಳ ತಲೆ ಮುಟ್ಟಿರಲಿಲ್ಲ. ಸಮಾಜಶಾಸ್ತ್ರದ ಎಂ.ಎ., ಕ್ಲಾಸಿನಲ್ಲಿ ಮೂಢನಂಬಿಕೆ ಅಂತ ಗುಡುಗುವ ಬಾಯಿ, ಆ ಬಾಯಿ ಇರುವ ಮೈಯಲ್ಲೇ ಇದೂ ಇತ್ತು. ಯಾರಿಗೆ ಹೇಳುವುದು? ಸ್ಟಾಫ್ ರೂಮಿನಲ್ಲಿ ಲತೀಫಾ ಮೇಡಂ ಮುಂದೆ ಒಂದು ಸಲ ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕಿ, "ನಿಮ್ಮಂಗ ಧೈರ್ಯ ನಮಗೆಲ್ಲಿ ಬರಬೇಕ್ರಿ," ಎಂದಿದ್ದಳು. ಮಾತು ಅಲ್ಲಿಗೇ ಮುಗಿಯಿತು.

ಮಳಖೇಡ ರೋಡಿನಲ್ಲಿ ಇಳಿದು ಆಟೋ ಹಿಡಿದು ಆದಿತ್ಯನಗರಕ್ಕೆ ಬರುವ ತನಕ ಲಲಿತಾಬಾಯಿಗೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಆಕಿ ಖಂಡಿತ ಅಡ್ಡ ಬರುತ್ತಾಳೆ. ಹಳೆ ಕಾಲದ ಹೆಂಗಸು, ಊರು ಮನೆಯಾಕಿ. ನಾಲ್ಕು ಮಂದಿ ಮುಂದೆ ಮೆಲ್ಲಕೆ, ಬ್ಯಾಡ್ರಿ ಬೀಗ್ತೇರ, ಮಂದಿ ಏನಂತಾರ, ಅನ್ನುತ್ತಾಳೆ. ಆವಾಗ ಬಸವೇಶ್ವರಿ ಎದ್ದು ನಿಂತು ಹೇಳುತ್ತಾಳೆ: ನೋಡ್ರಿ, ಹೆತ್ತ ಹೊಟ್ಟಿಗಿಂತ ಮಂಗಳ ಯಾವುದದ? ಈ ಸಾಲು ಭಾಳ ಚೊಲೋ ಬಂದಿತ್ತು. ಮೂರು ನಾಕು ಸಲ ಹೇಳಿ ನೋಡಿಕೊಂಡಿದ್ದಳು. ಆಮೇಲೆ ಲಿಂಗ ಕಟ್ಟಿದವರಿಗೆ ಸೂತಕ ಎಲ್ಲೀದು ಎಂದು ಕೇಳುವುದು. ಆಮೇಲೆ ಗಂಡಸರಿಗೆ ಯಾಕ ಈ ಕಟ್ಟಳೆ ಇಲ್ಲ. ಆಟೋ ಓಡಿಸುತ್ತಿದ್ದ ಮಜೀದಸಾಬ ಕನ್ನಡಿಯಲ್ಲಿ ನೋಡಿ, "ಏನರೆ ಅಂದ್ರೇನ್ರೀ ಬಾಯಿ?" ಎಂದ. "ಏನಿಲ್ಲಪಾ," ಅಂದಳು. ಜಗಳಕ್ಕೆ ಮೈ ಬಿಸಿಯಾಗಿತ್ತು, ಆ ಬಿಸಿಯೇ ಅವಳಿಗೆ ಧೈರ್ಯದ ಹಂಗೆ ಕಂಡಿತು.

ಕ್ವಾರ್ಟರ್ಸಿನ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಅಳಿಯ ಚನ್ನು, ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿ ಹಂಗೇ ಬಂದವನು, ಕಾಲಿಗೆರಗಿ ಚೀಲ ಇಸಗೊಂಡ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು. ಹೋಳಿಗೆಯ ವಾಸನೆ, ಹೂವಿನ ವಾಸನೆ. ನೀಲಾ ಮಣೆಯ ಮೇಲೆ ಕುಂತಿದ್ದಳು, ಮುಖ ಉಬ್ಬಿ, ಕಣ್ಣು ಸಣ್ಣಗಾಗಿ, ಕೈತುಂಬ ಹಸಿರು ಬಳೆ. ತಾಯಿಯನ್ನು ಕಂಡದ್ದೇ ಚಿಕ್ಕ ಹುಡುಗಿಯಂತೆ ನಕ್ಕಳು. ಎಷ್ಟು ಚಂದ ಕಂಡಳೆಂದರೆ ಬಸವೇಶ್ವರಿ ಪಟಕ್ಕನೆ ಬೇರೆ ಕಡೆ ನೋಡಿದಳು. ದೃಷ್ಟಿ ಆದೀತು ಅನ್ನಿಸಿತ್ತು.

ಗೋಡೆಗೆ ಒರಗಿ, ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕುಂತುಕೊಂಡಳು. ಅಲ್ಲಿ ಕುಂದ್ರಿ ಅಂತ ಯಾರೂ ಹೇಳಲಿಲ್ಲ. ತಂದ ಸೀರೆಯನ್ನು ನೀಲಾ ಉಟ್ಟು ಬಂದಳು. ಅಯ್ಯನೋರು ಮಡಿವಾಳಯ್ಯ ವಿಭೂತಿ ಹಚ್ಚಿ ಹರಸಿ ಕುರ್ಚಿಯ ಮೇಲೆ ಕುಂತರು. ಲಲಿತಾಬಾಯಿ ಉಡಿಯ ತಾಟು ಹಿಡಿದುಕೊಂಡು ನಡುವೆ ನಿಂತಳು. ಬಂತು, ಈಗ ಬಂತು. ಬಸವೇಶ್ವರಿ ಸೆರಗು ಬಿಗಿಮಾಡಿಕೊಂಡಳು. ಲಲಿತಾಬಾಯಿ ಸುತ್ತ ಹೆಂಗಸರನ್ನೆಲ್ಲ ನೋಡಿ, ಗಂಟಲು ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ ಅಂದಳು: "ಬರ್ರಿ ಬೀಗ್ತೇರ. ಮೊದಲ ನೀವೇ ತುಂಬ್ರಿ ಮಗಳ ಉಡಿ. ಹೆತ್ತಾಕಿಗಿಂತ ದೊಡ್ಡ ಮುತ್ತೈದಿ ಯಾರದಾರ್ರೀ?"

ಯಾರೋ ಹೌದೌದು ಅಂದರು. ಯಾರೋ, "ತಾಯಿ ಕೈಲಿಂದ ಆದ್ರ ಚಲೋನೇ ಆತಲ್ಲ," ಅಂದರು. ಮಡಿವಾಳಯ್ಯ ಕುರ್ಚಿಯಿಂದಲೇ, "ಎದ್ದು ಬರ್ರಿ ತಾಯಿ, ಕೊಳ್ಳಾಗ ಲಿಂಗ ಇದ್ದವರಿಗೆ ಎಂಥಾ ಮೈಲಿಗಿ? ನಮ್ಮ ಹಿರೀಕರು ಅದನ್ನೆಲ್ಲ ಯಾವಾಗೋ ತೆಗೆದ ಒಗದಾರ," ಎಂದರು. ಹಾದಿ ಬಿಡಲು ಹೆಂಗಸರು ಮೊಣಕಾಲು ಮಡಿಚಿಕೊಂಡರು. ಬಾಗಿಲಿನಿಂದ ಮಣೆಯ ತನಕ ಹಾದಿ ಖುಲ್ಲಾ ಆಯಿತು. ಬಸವೇಶ್ವರಿ ಅಡ್ಡ ಬರುವವರಿಗಾಗಿ ಕಾದಳು. ಒಬ್ಬರಾದರೂ ಮೂಗು ಮುರಿಯಲಿ, ಒಬ್ಬರಾದರೂ ಗುಸುಗುಸು ಅನ್ನಲಿ ದೇವರೇ. ಅಂದರೆ ಸಿಟ್ಟಾದರೂ ಬಂದೀತು, ಸಿಟ್ಟಿನಲ್ಲಿ ಕಾಲಾದರೂ ಎದ್ದಾವು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಇವಳನ್ನೇ ನೋಡುತ್ತಿದ್ದರು, ಅಕ್ಕರೆಯಿಂದ.

ಹೇಗೋ ಎದ್ದಳು. ಮಣೆಯ ಮುಂದೆ ಬಂದು ನಿಂತಳು. ಲಲಿತಾಬಾಯಿ ತಾಟು ಮುಂದೆ ಮಾಡಿದಳು. ನೀಲಾ ಸೆರಗನ್ನು ಎರಡೂ ಕೈಯಿಂದ ಬಿಡಿಸಿ ಹಿಡಿದು ಮುಖ ಎತ್ತಿದಳು. ಹಸಿರು ಸೆರಗು, ಅದರ ಹಿಂದೆ ಹೊಟ್ಟೆ. ಬಸವೇಶ್ವರಿ ಅಕ್ಕಿಯಲ್ಲಿ ಕೈ ಇಟ್ಟಳು. ಬೊಗಸೆ ತುಂಬಿತು. ಇಷ್ಟೇ, ಇನ್ನೊಂದು ಗೇಣು ಮುಂದೆ, ಅಷ್ಟೇ. ಮಲ್ಲಿಗೆಯ ವಾಸನೆ ಬಂತು, ಮಗಳ ಮುಡಿಯಿಂದ, ಆವತ್ತಿನದೇ ವಾಸನೆ. ಡಾಕ್ಟರು ಬರೆದ ಚಿತ್ರ ನೆನಪಿಸಿಕೊಳ್ಳಲು ನೋಡಿದಳು. ಬರೇ ಬಾಲ್‌ಪೆನ್ನಿನ ಗೆರೆಗಳು ನೆನಪಾದವು, ಅರ್ಥ ನೆನಪಾಗಲಿಲ್ಲ. ಈ ಕೈ ಒಳ್ಳೇದಲ್ಲ. ಈ ಕೈ ಮುಟ್ಟಿದ್ದು ಉಳಿಯುವುದಿಲ್ಲ. ಇದನ್ನು ಯಾರು ಹೇಳುತ್ತಿದ್ದಾರೆ? ಅವಳ ಅವ್ವ ಹೇಳುತ್ತಿದ್ದಳೇ, ಅಜ್ಜಿಯೇ, ಗಂಡ ಸತ್ತ ಮೇಲೆ ತಾನು ಎದುರು ಬಂದಾಗ ತುಸುವೇ ತಡೆದು ನಿಂತು ಆಮೇಲೆ ನಡೆದ ಓಣಿಯ ಜನರೇ? ಯಾರ ದನಿಯೂ ಅಲ್ಲ. ಅದು ತನ್ನದೇ ದನಿ, ಕ್ಲಾಸಿನಲ್ಲಿ ಪಾಠ ಹೇಳುವ ಅದೇ ದನಿ. ಬೊಗಸೆಯ ಸಂದಿಯಿಂದ ಅಕ್ಕಿ ಸೋರಿ ತಾಟಿಗೆ ಬೀಳುತ್ತಿತ್ತು. "ಅವ್ವಾ, ಹಾಕು," ಎಂದಳು ನೀಲಾ ಸಣ್ಣಗೆ. "ಏನೂ ಆಗಂಗಿಲ್ಲವ್ವಾ. ಹಾಕು." ಹಾಗಾದರೆ ಅವಳಿಗೆ ಗೊತ್ತಿತ್ತು. ತಲೆ ಮುಟ್ಟುವುದನ್ನು ಬಿಟ್ಟದ್ದನ್ನೂ ಯಾಕೆ ಬಿಟ್ಟಳೆಂಬುದನ್ನೂ ಹುಡುಗಿ ಗುರುತಿಸಿದ್ದಳು, ಗುರುತಿಸಿಯೂ ಈ ಸೆರಗು ಒಡ್ಡಿದ್ದಳು. ಹೊಟ್ಟೆಯಲ್ಲಿರುವ ಕೂಸನ್ನೇ ಪಣಕ್ಕಿಟ್ಟು ತಾಯಿಯನ್ನು ಎತ್ತಲು ಕುಂತಿದ್ದಳು. ಹುಚ್ಚಿ, ಹುಚ್ಚಿ ನನ್ನ ಮಗಳು, ನನಗಾಗಿ ಯಾಕ ಇಷ್ಟು ಮಾಡಲಿಕತ್ತೀದಿ ಎಂದು ಕೂಗಬೇಕೆನ್ನಿಸಿತು ಬಸವೇಶ್ವರಿಗೆ.

ಬೊಗಸೆಯ ಅಕ್ಕಿ ತಾಟಿಗೆ ಸುರಿದುಬಿಟ್ಟಳು.

"ನಾ ಮುಟ್ಟಂಗಿಲ್ರಿ," ಎಂದಳು ಲಲಿತಾಬಾಯಿಗೆ. "ಈಗ ಹಾದ್ಯಾಗ ಬರೋವಾಗ ನಾ... ಕಡಿಗಾಗೀನಿ."

ತಿಂಗಳ ಮುಟ್ಟು ಬಂದಿದೆ ಅಂದಿದ್ದಳು. ಆ ಮಾತು ಎಲ್ಲಿಂದ ಬಂತೋ, ಹೆಂಗೆ ಬಂತೋ. ಐವತ್ತು ತುಂಬದ ಹೆಂಗಸು, ಯಾರಿಗೂ ಸಂಶಯ ಬರಲಿಲ್ಲ. "ಅಯ್ಯ, ಅಷ್ಟೇ ಏನ್ರೀ, ಮೊದಲ ಹೇಳಬಾರದೇನ್ರಿ ಬೀಗ್ತೇರ," ಎಂದು ಲಲಿತಾಬಾಯಿ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ಹೆಂಗಸರು ಪಾಪ, ಪಾಪ ಅಂದರು. ಮೊಣಕಾಲು ಮಡಿಚಿಕೊಂಡಿದ್ದವರು ಇನ್ನಷ್ಟು ಮಡಿಚಿಕೊಂಡರು. ಎಂಥಾ ಮೈಲಿಗಿ ಅಂದಿದ್ದ ಅಯ್ಯನೋರು ಈಗ ಕಿಟಕಿಯ ಹೊರಗೆ ನೋಡತೊಡಗಿದ್ದರು. ಎಲ್ಲರ ಮುಖದ ಮೇಲೆ ಒಂದು ನಿರಾಳ ಬಂದದ್ದು ಬಸವೇಶ್ವರಿಗೆ ಕಂಡಿತು. ಅದಕ್ಕೂ ಒಂದು ಹೆಸರಿತ್ತು, ಪಠ್ಯಪುಸ್ತಕದಲ್ಲಿತ್ತು, ಆದರೆ ಅವಳು ಆಗ ಮಗಳ ಮುಖ ನೋಡುತ್ತಿದ್ದಳು. ಮಾತು ಬಾಯಿ ಬಿಟ್ಟ ಮೇಲೆಯೇ ಅವಳಿಗೆ ನೆನಪಾಗಿತ್ತು. ನಾಕು ವರ್ಷದ ಹಿಂದೆ ಕಲಬುರಗಿಯ ದವಾಖಾನೆಯಲ್ಲಿ ಅವಳ ಗರ್ಭಚೀಲ ತೆಗೆದಿದ್ದರು. ಆಗ ಮಂಚದ ಪಕ್ಕ ನೆಲದ ಮೇಲೆ ಮಲಗಿ, ಬೆಳಿಗ್ಗೆ ಸಂಜೆ ರಕ್ತದ ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಎಬ್ಬಿಸಿ ನಡೆಸಿದಾಕಿ ನೀಲಾ. "ಚೊಲೋ ಆತು ಬಿಡವ್ವಾ, ಇನ್ನ ತಿಂಗಳ ತಿಂಗಳ ಆ ಕಾಟ ಇಲ್ಲ ನಿನಗ," ಎಂದು ನಗಿಸಿದಾಕಿ.

ನೀಲಾಳ ಮುಖ ಬಿಳಿಚಿತು. ಬಾಯಿ ತುಸು ತೆರೆಯಿತು. ಈಗ ಅನ್ನುತ್ತಾಳೆ, ಸುಳ್ಳು ಅನ್ನುತ್ತಾಳೆ. ಅನ್ನಲಿ, ನಾಕು ಮಂದಿ ಮುಂದೆ ಕೈ ಹಿಡಿದು ಜಗ್ಗಿ ನನ್ನ ಕೈಯಿಂದಲೇ ತನ್ನ ಸೆರಗಿಗೆ ಅಕ್ಕಿ ಸುರುವಿಕೊಳ್ಳಲಿ ಎಂದು ಬಸವೇಶ್ವರಿಯ ಜೀವ ಒಳಗೊಳಗೆ ಅಂಗಲಾಚಿತು. ನೀಲಾ ಬಾಯಿ ಮುಚ್ಚಿದಳು. ಸೆರಗನ್ನು ಅತ್ತೆಯ ಕಡೆ ತಿರುಗಿಸಿದಳು. "ಅತ್ತಿ, ನೀವೇ ತುಂಬ್ರಿ," ಎಂದಳು. ಯಾರ ಕೈಲಿಂದೂ ತುಂಬಿಸ್ಕೊಳ್ಳಂಗಿಲ್ಲ ಅಂದಿದ್ದ ಹುಡುಗಿ.

ಹಿತ್ತಲ ಬಾಗಿಲ ಹೊರಗಿನ ಫರಸಿ ಕಲ್ಲಿನ ಮೆಟ್ಟಿಲ ಮೇಲೆ ಬಸವೇಶ್ವರಿಯನ್ನು ಕೂಡಿಸಿದರು. ಯಾರೋ ಚಾಪೆ ತಂದು ದೂರದಿಂದ ಬಿಟ್ಟರು. ಒಳಗೆ ಹೆಂಗಸರು ಹಾಡು ಹಚ್ಚಿದ್ದರು. ಒಬ್ಬರಾದ ಮೇಲೆ ಒಬ್ಬರು ಉಡಿ ತುಂಬುವ ಸಪ್ಪಳ, ಬಳೆಗಳ ಸಪ್ಪಳ, ನಗು. ಗೋಡೆಯಾಚೆ ಫ್ಯಾಕ್ಟರಿ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಬೇವಿನ ಎಲೆಗಳ ಮೇಲೆ, ತಂತಿಯ ಮೇಲಿನ ಬಟ್ಟೆಗಳ ಮೇಲೆ ತೆಳ್ಳಗೆ ಸಿಮೆಂಟಿನ ಧೂಳು. ಈಗಲೂ ಎದ್ದು ಒಳಗೆ ಹೋಗಿ ಸುಳ್ಳು ಹೇಳಿದೆ ಅನ್ನಬಹುದು ಎಂದುಕೊಂಡಳು. ಬಾಗಿಲು ತೆರೆದೇ ಇತ್ತು. ಹೇಳಿದರೆ ಏನಾಗುತ್ತದೆ? ನಗುತ್ತಾರೆ, ಅಷ್ಟೇ ತಾನೇ? ಎದ್ದಳು. ಕುಂತಳು. ಇನ್ನೊಂದು ಹಾಡು ಮುಗಿಯಲಿ ಅಂದುಕೊಂಡಳು. ಹಾಡು ಮುಗಿದು, ಆರತಿ ಮುಗಿದು, ಒಳಗೆ ತಾಟುಗಳ ಸಪ್ಪಳ ಸುರುವಾಯಿತು. ಲಲಿತಾಬಾಯಿ, "ಬೀಗ್ತೇರಿಗೆ ಅಲ್ಲೇ ಕಳಸ್ರಿ, ಹಸಗೊಂಡಿರ್ತಾರ," ಅನ್ನುವುದು ಕೇಳಿತು. ಆ ದನಿಯಲ್ಲಿ ಎಷ್ಟು ಕಾಳಜಿ ಇತ್ತೆಂದರೆ ಬಸವೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಊಟ ತಂದದ್ದು ನೀಲಾ. ಉಡಿಯ ಭಾರಕ್ಕೆ ಮೆಲ್ಲಗೆ ಹೆಜ್ಜೆ ಇಡುತ್ತ ಬಂದು, ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ, ಹೋಳಿಗೆ ತುಪ್ಪದ ತಾಟನ್ನು ಫರಸಿಯ ಮೇಲೆ ಇಟ್ಟಳು. ಬೆರಳ ತುದಿಯಿಂದ ತಾಯಿಯ ಕಡೆಗೆ ಸರಿಸಿದಳು. ಪಕ್ಕದಲ್ಲಿ ನೀರಿನ ಚೊಂಬು ಇಟ್ಟಳು. ಏಳಲು ಕಷ್ಟಪಟ್ಟಳು. ಬಸವೇಶ್ವರಿ ಗಡಬಡಿಸಿ ಎದ್ದು, "ನೀಲಾ, ನೋಡವ್ವಾ, ನಾ ಖರೆ ಹೇಳ್ತೀನಿ ಈಗ..." ಎಂದು ಅವಳ ತೋಳು ಹಿಡಿಯಲು ಕೈ ಚಾಚಿದಳು.

ನೀಲಾ ಒಂದು ಹೆಜ್ಜೆ ಹಿಂದೆ ಸರಿದಳು.

"ಮುಟ್ಟಬ್ಯಾಡವ್ವಾ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಕಡಿಗಾಗೀದಿ ನೀ."

ಹಿತ್ತಲಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಬಸವೇಶ್ವರಿ ಕೈ ಹಿಂದಕ್ಕೆ ತಗೊಂಡಳು.